ತುಕ್ಕು ಹಿಡಿದ ಹಳೆ ರೊಟ್ಟಿ ಹಂಚು: ವಿಷವೂ ಅಲ್ಲ, ಔಷಧಿಯೂ ಅಲ್ಲ

ಹಳೆ ಕಬ್ಬಿಣದ ಪಾತ್ರೆಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ತುಕ್ಕು ಹಿಡಿದ ಹಂಚು ವಿಷ, ಕೂಡಲೇ ಎಸೆಯಿರಿ ಎನ್ನುವುದು ಒಂದು. ಅಜ್ಜಿ ಕಾಲದ ಹಂಚಿನಲ್ಲಿ ಅಡುಗೆ ಮಾಡಿದರೆ ರಕ್ತ ಹೆಚ್ಚುವ ಮಾತ್ರೆಯೇ ಬೇಡ ಎನ್ನುವುದು ಇನ್ನೊಂದು. ಎರಡನ್ನೂ ಒಬ್ಬರೇ ಫಾರ್ವರ್ಡ್ ಮಾಡುವುದೂ ಉಂಟು! ಮೊದಲನೆಯದನ್ನು ನಂಬಿದರೆ ಒಂದು ಒಳ್ಳೆಯ ಹಂಚು ಗುಜರಿ ಸೇರುತ್ತದೆ, ಅಷ್ಟೇ. ಎರಡನೆಯದನ್ನು ನಂಬಿ ಗರ್ಭಿಣಿಯೊಬ್ಬರು ಮಾತ್ರೆ ಬಿಟ್ಟರೆ ಆಗುವ ನಷ್ಟವೇ ಬೇರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದವು. ಜೋಳದ ರೊಟ್ಟಿಯ ಸೀಮೆ ಇದು. ನಾನ್‌ಸ್ಟಿಕ್ ಬಂದ ಮೇಲೂ ಅಟ್ಟದ ಮೇಲೋ ಹಿತ್ತಲಲ್ಲೋ ಒಂದು ರೊಟ್ಟಿ ಹಂಚು, ಒಂದು ಪಡ್ಡಿನ ಹಂಚು, ಮಿರ್ಚಿ ಕರಿಯುತ್ತಿದ್ದ ಒಂದು ಬಾಣಲೆ ಬಿದ್ದಿರುವ ಮನೆಗಳು ಇಲ್ಲಿ ಇನ್ನೂ ಇವೆ. ಅವನ್ನು ಮತ್ತೆ ಒಲೆಗೆ ಏರಿಸಬಹುದೇ?

ಬಹುತೇಕ ಏರಿಸಬಹುದು. ಮೊದಲು ನಿಮ್ಮದು ಯಾವ ಕಬ್ಬಿಣ ಎಂದು ನೋಡಿಕೊಳ್ಳಿ. ಕರಗಿಸಿ ಅಚ್ಚಿಗೆ ಸುರಿದದ್ದು ಬೀಡು, ಅಂದರೆ ಎರಕದ ಕಬ್ಬಿಣ. ಅದರಲ್ಲಿ ಸುಮಾರು ಶೇ 2ರಿಂದ 4ರಷ್ಟು ಇಂಗಾಲ ಇರುತ್ತದೆ. ಹೀಗಾಗಿ ಅದು ದಪ್ಪ, ಭಾರ, ಬಿದ್ದರೆ ಒಡೆಯುತ್ತದೆ. ಗುಳಿಗಳಿರುವ ಹಳೆಯ ಪಡ್ಡಿನ ಹಂಚು ಸಾಮಾನ್ಯವಾಗಿ ಬೀಡಿನದು. ಕಮ್ಮಾರರು ತಗಡು ಬಡಿದು ಮಾಡಿದ ರೊಟ್ಟಿ ಹಂಚು ತೆಳು. ಅದು ಬಾಗುತ್ತದೆ, ಒಡೆಯುವುದಿಲ್ಲ. ತುಕ್ಕು ತೆಗೆಯುವ ಕ್ರಮ ಎರಡಕ್ಕೂ ಒಂದೇ. ಬೀಡನ್ನು ಬೆರಳಿನಿಂದ ತಟ್ಟಿ ನೋಡಿ: ಗಂಟೆಯಂತೆ ಸದ್ದು ಬಂದರೆ ಸರಿ, ಮಂಕಾಗಿ ಕೇಳಿಸಿದರೆ ಬಿರುಕು ಇರಬಹುದು.

ಅಮೆರಿಕದಲ್ಲಿ ಗ್ರಿಸ್ವಾಲ್ಡ್‌ನಂತಹ ಹಳೆ ಕಾರ್ಖಾನೆಗಳ ಮುದ್ರೆ ನೋಡಿ ಬಾಣಲೆಯ ಕಾಲ ಹೇಳುವ ಸಂಗ್ರಾಹಕರಿದ್ದಾರೆ. ನಮ್ಮ ಊರಿನ ಹಂಚುಗಳ ಮೇಲೆ ಹೆಚ್ಚಾಗಿ ಯಾವ ಮುದ್ರೆಯೂ ಇರುವುದಿಲ್ಲ. ಆದ್ದರಿಂದ ಆನ್‌ಲೈನ್‌ನಲ್ಲಿ ಯಾರಾದರೂ ‘ನೂರು ವರ್ಷದ ಹಂಚು’ ಎಂದು ದುಪ್ಪಟ್ಟು ಬೆಲೆ ಹೇಳಿದರೆ, ಆ ನೂರನ್ನು ಹೇಗೆ ಎಣಿಸಿದರು ಎಂದು ಕೇಳಿ.

ತುಕ್ಕಿನಿಂದ ಧನುರ್ವಾಯು ಬರುತ್ತದೆಯೇ?

ತುಕ್ಕು ಎಂದರೆ ಕಬ್ಬಿಣ, ಆಮ್ಲಜನಕ, ನೀರು ಸೇರಿ ಆದ ವಸ್ತು. ಧನುರ್ವಾಯು ತರುವುದು ಮಣ್ಣು, ಗೊಬ್ಬರದಲ್ಲಿರುವ ಒಂದು ಬ್ಯಾಕ್ಟೀರಿಯಾ, ಅದೂ ಗಾಯದ ಮೂಲಕ. ಮಣ್ಣಿನಲ್ಲಿ ಬಿದ್ದಿದ್ದ ತುಕ್ಕು ಮೊಳೆ ಚುಚ್ಚಿದರೆ ಚುಚ್ಚುಮದ್ದು ಬೇಕಾಗುವುದು ಇದೇ ಕಾರಣಕ್ಕೆ. ತೊಳೆದು ಸರಿಪಡಿಸಿದ ಹಂಚಿನ ರೊಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಸರಿಪಡಿಸುವುದು ಹೇಗೆ?

ಉಪ್ಪು ಹಾಕಿ ಸ್ಟೀಲ್ ನಾರಿನಿಂದ ಉಜ್ಜಿ. ಹೋಗದ ತುಕ್ಕಿಗೆ ಹುಣಸೆಹಣ್ಣಿನ ರಸ ಬಳಿಯಿರಿ, ಇಲ್ಲವೇ ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹುಳಿ ತುಕ್ಕನ್ನು ಕರಗಿಸುತ್ತದೆ. ರಾತ್ರಿಯಿಡೀ ಬಿಟ್ಟರೆ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ. ತೊಳೆದ ತಕ್ಷಣ ಒರೆಸಿ ಒಲೆಯ ಮೇಲೆ ಒಣಗಿಸಿ, ಯಾಕೆಂದರೆ ಬರಿಮೈ ಕಬ್ಬಿಣ ನೋಡನೋಡುತ್ತಲೇ ಕೆಂಪಗಾಗುತ್ತದೆ. ಕೆಂಡದಲ್ಲಿ ಹೂತು ಸುಡುವ ಉಪಾಯ ಬೇಡ. ಬೀಡು ಸೀಳಬಹುದು, ತಗಡು ಸೊಟ್ಟಗಾಗಬಹುದು.

ಇನ್ನು ಎಣ್ಣೆ ಹಿಡಿಸುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಕುಸುಬೆ, ಸೂರ್ಯಕಾಂತಿ, ಶೇಂಗಾ, ಮನೆಯಲ್ಲಿರುವ ಯಾವುದಾದರೂ ಎಣ್ಣೆ ಸಾಕು. ಬಿಸಿ ತಾಗಿದಾಗ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಕುಸುಬೆ ಎಣ್ಣೆಯನ್ನು ಬಣ್ಣಗಳ ತಯಾರಿಕೆಯಲ್ಲಿ ಬಳಸುವುದೂ ಅದು ಹೀಗೆ ಒಣಗಿ ಗಟ್ಟಿಯಾಗುವ ಗುಣದಿಂದಲೇ. ಆದರೆ ಪದರ ತೀರಾ ತೆಳುವಿರಬೇಕು. ಹಚ್ಚಿದ ಎಣ್ಣೆಯನ್ನು ತಪ್ಪಿ ಹಚ್ಚಿದೆವೇನೋ ಎಂಬಂತೆ ಪೂರ್ತಿ ಒರೆಸಿ ತೆಗೆಯಿರಿ. ಕಿಟಕಿ ತೆರೆದಿಟ್ಟು ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಿ. ಹೀಗೆ ಮೂರ್ನಾಲ್ಕು ಸಲ ಮಾಡಿ. ಎಣ್ಣೆ ಹೆಚ್ಚಾದರೆ ಹಂಚು ಜಿಗುಟಾಗುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಸುರಿಯಬೇಡಿ.

ಸೋಪು ತಾಗಿಸಲೇಬಾರದು ಎಂಬ ಮಾತು ಕಾಸ್ಟಿಕ್ ಸೋಡಾ ಹೆಚ್ಚಿದ್ದ ಹಳೆಯ ಸಾಬೂನಿಗೆ ಸರಿ. ಇಂದಿನ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಬಳಸಿದರೆ ಗಟ್ಟಿಯಾದ ಪದರಕ್ಕೆ ಏನೂ ಆಗುವುದಿಲ್ಲ. ಕಲಾಯಿ ಹಾಕಿಸಬೇಕೇ ಎಂದೂ ಕೆಲವರು ಕೇಳುತ್ತಾರೆ. ಅದು ತಾಮ್ರ, ಹಿತ್ತಾಳೆಗೆ. ಹಂಚಿಗೆ ಬೇಕಿಲ್ಲ.

ಇದರಿಂದ ರಕ್ತಹೀನತೆ ಹೋಗುತ್ತದೆಯೇ?

ಅರ್ಧ ನಿಜ. ಕಬ್ಬಿಣದ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣ ಇಳಿಯುವುದು ಹೌದು. ಇಥಿಯೋಪಿಯಾದಲ್ಲಿ ಕೆಲವು ಮನೆಗಳಿಗೆ ಕಬ್ಬಿಣದ, ಕೆಲವಕ್ಕೆ ಅಲ್ಯೂಮಿನಿಯಂ ಪಾತ್ರೆ ಕೊಟ್ಟು ಒಂದು ವರ್ಷ ಗಮನಿಸಿದರು. ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳಲ್ಲಿ ಹಿಮೋಗ್ಲೋಬಿನ್ ಹೆಚ್ಚು ಏರಿತ್ತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ನಂತರದ ಅಧ್ಯಯನಗಳ ಫಲಿತಾಂಶ ಎಲ್ಲೆಡೆ ಒಂದೇ ತೆರನಾಗಿಲ್ಲ.

ಕಬ್ಬಿಣ ಹೆಚ್ಚು ಇಳಿಯುವುದು ನೀರಿರುವ, ಹುಳಿಯಿರುವ, ಹೆಚ್ಚು ಹೊತ್ತು ಬೇಯುವ ಅಡುಗೆಗೆ. ರೊಟ್ಟಿ ಒಣ, ಹಂಚಿನ ಮೇಲೆ ಇರುವುದು ಒಂದೆರಡು ನಿಮಿಷ. ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಎಣ್ಣೆಯ ಪದರ ಚೆನ್ನಾಗಿ ಕೂತಷ್ಟೂ ಕಬ್ಬಿಣ ಇಳಿಯುವುದು ಕಡಿಮೆ ಎಂಬುದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಬಾಣಲೆಯಲ್ಲಿ ಬದನೆಕಾಯಿ ಪಲ್ಯ ಕಪ್ಪಾದರೆ ಹೆದರಬೇಡಿ. ತರಕಾರಿಯ ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿ ಬರುವ ಬಣ್ಣ ಅದು. ಆದರೆ ಹುಳಿ ಪದಾರ್ಥವನ್ನು ಅದರಲ್ಲೇ ರಾತ್ರಿ ಇಡಬೇಡಿ. ರುಚಿಯೂ ಕೆಡುತ್ತದೆ, ಪದರವೂ ಏಳುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಈ ಅಳತೆಯನ್ನು ಯಾವ ಹಂಚೂ ತುಂಬಿಕೊಡುವುದಿಲ್ಲ. ಬಿ12 ಕೊರತೆ, ಕೊಕ್ಕೆಹುಳು, ಥಲಸ್ಸೇಮಿಯಾದಿಂದಲೂ ರಕ್ತಹೀನತೆ ಬರುತ್ತದೆ. ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ರೋಗಿಗಳ ದೇಹದಲ್ಲಿ ಕಬ್ಬಿಣ ಮೊದಲೇ ಹೆಚ್ಚಿರುತ್ತದೆ. ಅವರು ಕಬ್ಬಿಣದ ಪಾತ್ರೆ ಬಳಸುವ ಮುನ್ನ ವೈದ್ಯರನ್ನು ಕೇಳಬೇಕು.

ಯಾವುದನ್ನು ಬಿಡಬೇಕು?

ಬಿರುಕು ಬಿಟ್ಟದ್ದು, ತುಕ್ಕು ತಿಂದು ತೂತಾದದ್ದು ಗುಜರಿಗೆ ಸರಿ. ಸಂತೆಯಲ್ಲಿ, ಗುಜರಿಯಲ್ಲಿ ಕೊಳ್ಳುವ ಬಾಣಲೆಗೆ ಇನ್ನೊಂದು ಎಚ್ಚರಿಕೆ ಬೇಕು. ಬ್ಯಾಟರಿ ಸೀಸ ಕರಗಿಸಲು ಕಬ್ಬಿಣದ ಬಾಣಲೆ ಬಳಸುವವರಿದ್ದಾರೆ. ಒಳಗೆ ಬೂದು ಬಣ್ಣದ ಮೆತ್ತನೆಯ ಲೋಹ ಅಂಟಿದ್ದರೆ ಅಥವಾ ಹಿಂದೆ ಯಾವುದಕ್ಕೆ ಬಳಸಿದ್ದರೆಂದು ಮಾರುವವರಿಗೆ ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಎಷ್ಟು ಉಜ್ಜಿದರೂ ಪೂರ್ತಿ ಹೋಯಿತೆಂದು ಹೇಳಲಾಗದು. ನಿಮ್ಮ ಮನೆಯ ಅಟ್ಟದಿಂದಲೇ ಇಳಿದ ಹಂಚಾದರೆ ಅದರ ಚರಿತ್ರೆ ಹೇಳಲು ಅಜ್ಜಿಯೋ ಅತ್ತೆಯೋ ಇರುತ್ತಾರೆ. ಮೊದಲು ಅವರನ್ನೇ ಕೇಳಿ.