ಮೂರು ವರ್ಷದ ಕುದುರೆಗಳ ಓಟ

ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳ ಸುದ್ದಿ ಓದುವವರಿಗೆ ‘ಡರ್ಬಿ’ ಎಂಬ ಪದ ಹೊಸದಲ್ಲ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ 1943ರಿಂದ ಇಂಡಿಯನ್ ಡರ್ಬಿ ನಡೆಯುತ್ತಿದೆ. ಆದರೆ ಡರ್ಬಿ ಎಂಬುದು ಮೂಲದಲ್ಲಿ ಓಟದ ಹೆಸರಲ್ಲ, ಇಂಗ್ಲೆಂಡಿನ ಒಬ್ಬ ಶ್ರೀಮಂತನ ಬಿರುದು. 1780ರ ಮೇ 4ರಂದು ಲಂಡನ್ನಿನ ಸಮೀಪದ ಎಪ್ಸಮ್ ಬಯಲಿನಲ್ಲಿ ಒಂಬತ್ತು ಕುದುರೆಗಳು ಒಂದು ಮೈಲಿ ಓಡಿದವು. ಅದೇ ಮೊದಲ ಡರ್ಬಿ. ಓಟಕ್ಕೆ ಡರ್ಬಿಯ 12ನೇ ಅರ್ಲನ ಹೆಸರಿಡಬೇಕೋ ಅವನ ಮಿತ್ರ ಸರ್ ಚಾರ್ಲ್ಸ್ ಬನ್‌ಬರಿಯ ಹೆಸರಿಡಬೇಕೋ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು ಎಂಬ ಕತೆಯಿದೆ. ಕತೆ ನಿಜವೋ ಸುಳ್ಳೋ, ಹೆಸರು ಅರ್ಲನಿಗೆ ಸಿಕ್ಕಿತು, ಓಟವನ್ನು ಬನ್‌ಬರಿಯ ಕುದುರೆ ಡಯೊಮೆಡ್ ಗೆದ್ದಿತು.

ಅದಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಕುದುರೆ ಪಂದ್ಯವಿರಲಿಲ್ಲವೇ? ಧಾರಾಳವಾಗಿತ್ತು. ಆದರೆ ಅದು ಬೇರೆ ಬಗೆಯದು. ಐದಾರು ವರ್ಷ ತುಂಬಿ ಬಲಿತ ಕುದುರೆಗಳನ್ನು ನಾಲ್ಕು ನಾಲ್ಕು ಮೈಲಿ ಓಡಿಸುತ್ತಿದ್ದರು. ಅದೂ ಒಂದು ಸಲವಲ್ಲ, ಒಂದೇ ದಿನ ಮತ್ತೆ ಮತ್ತೆ. ಅಲ್ಲಿ ಪರೀಕ್ಷೆಯಾಗುತ್ತಿದ್ದುದು ದಮ್ಮು ಮತ್ತು ತಾಳಿಕೆ. 1776ರಲ್ಲಿ ಡಾಂಕಾಸ್ಟರಿನ ಸೇಂಟ್ ಲೆಜರ್, 1779ರಲ್ಲಿ ಎಪ್ಸಮ್ಮಿನ ಓಕ್ಸ್, ಮರುವರ್ಷ ಡರ್ಬಿ, ಹೀಗೆ ಐದು ವರ್ಷಗಳೊಳಗೆ ಈ ಪದ್ಧತಿಯೇ ತಿರುಗಿಬಿತ್ತು. ಇನ್ನು ಮೂರು ವರ್ಷದ ಎಳೆಯ ಕುದುರೆಗಳ ಚಿಕ್ಕ ಓಟ, ಒಂದೇ ಸುತ್ತು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆರು ವರ್ಷ ಮೇವು ಹಾಕಿ ಕಾಯುವುದಕ್ಕಿಂತ ಮೂರೇ ವರ್ಷದಲ್ಲಿ ಹಾಕಿದ ಬಂಡವಾಳ ಮರಳಿ ಬರುವುದು ಮಾಲಿಕನಿಗೆ ಲಾಭ. ಇನ್ನೂ ಪರೀಕ್ಷೆಗೊಳಗಾಗದ ಎಳೆಗುದುರೆ ಹೇಗೆ ಓಡೀತು ಎಂದು ಯಾರಿಗೂ ತಿಳಿಯದು, ಆದ್ದರಿಂದ ಬಾಜಿ ಕಟ್ಟುವವನಿಗೂ ಅದೇ ರುಚಿ. ನಷ್ಟವಾದದ್ದು ಕುದುರೆಗೆ ಮಾತ್ರ. ಐದಾರು ವರ್ಷಕ್ಕೆ ಪೂರ್ತಿ ಬಲಿಯುವ ಮೂಳೆಗಳ ಮೇಲೆ ಎರಡು, ಮೂರನೇ ವರ್ಷದಲ್ಲೇ ಭಾರ ಬಿತ್ತು.

1784ರಲ್ಲಿ ಡರ್ಬಿಯ ದೂರವನ್ನು ಒಂದೂವರೆ ಮೈಲಿಗೆ ಹೆಚ್ಚಿಸಿದರು. ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಇದೆ. ದಾರಿ ಸಪಾಟಾದದ್ದಲ್ಲ. ಮೊದಲು ಏರು, ಆಮೇಲೆ ಟ್ಯಾಟನಮ್ ಕಾರ್ನರ್ ಎಂಬ ಎಡತಿರುವಿನವರೆಗೆ ಇಳಿಜಾರು. ಬೀಜ ಒಡೆದ ಕುದುರೆಗೆ ಇಲ್ಲಿ ಪ್ರವೇಶವಿಲ್ಲ. ಯಾಕೆಂದರೆ ಬಹುಮಾನಕ್ಕಿಂತ ದೊಡ್ಡ ಸಂಪಾದನೆ ಗೆದ್ದ ಗಂಡುಕುದುರೆಯನ್ನು ತಳಿಗೆ ಬಿಡುವುದರಲ್ಲಿದೆ. ಹೆಣ್ಣುಕುದುರೆಗಳು ಓಡಬಹುದು. ಇದುವರೆಗೆ ಆರು ಗೆದ್ದಿವೆ, ಕೊನೆಯದು 1916ರಲ್ಲಿ.

ಈ ಕುದುರೆಗಳ ರಕ್ತ ಎಲ್ಲಿಯದು? ಥರೋಬ್ರೆಡ್ ತಳಿಯ ಗಂಡುಸಾಲು ಮೂರು ಕುದುರೆಗಳಿಗೆ ಹೋಗಿ ನಿಲ್ಲುತ್ತದೆ. ಮೂರೂ ಪೂರ್ವದಿಂದ ಬಂದವು. ಥಾಮಸ್ ಡಾರ್ಲಿ ಎಂಬ ಇಂಗ್ಲಿಷ್ ವ್ಯಾಪಾರಿ ಸಿರಿಯಾದ ಅಲೆಪ್ಪೊದಲ್ಲಿ ಕೊಂಡ ಒಂದು ಅರಬ್ಬೀ ಕುದುರೆ 1704ರಲ್ಲಿ ಯಾರ್ಕ್‌ಶೈರಿನ ಅವನ ಮನೆ ಸೇರಿತು. ಇಂದಿನ ಥರೋಬ್ರೆಡ್ ಗಂಡುಗಳಲ್ಲಿ ಶೇ. 95ರಷ್ಟು ಅದೊಂದರದೇ ಸಂತಾನವೆಂದು ಲೆಕ್ಕ ಹಾಕಿದ್ದಾರೆ. ಅದನ್ನು ಚರಿತ್ರೆ ‘ಡಾರ್ಲಿ ಅರೇಬಿಯನ್’ ಎನ್ನುತ್ತದೆ. ಉಳಿದೆರಡು ‘ಬೈಯರ್ಲಿ ಟರ್ಕ್’ ಮತ್ತು ‘ಗೊಡಾಲ್ಫಿನ್ ಅರೇಬಿಯನ್’. ಗಮನಿಸಿ, ಮೂರಕ್ಕೂ ಅಂಟಿದ್ದು ಇಂಗ್ಲೆಂಡಿನ ಒಡೆಯರ ಹೆಸರು. ಮರುಭೂಮಿಯಲ್ಲಿ ತಲೆಮಾರುಗಳ ಕಾಲ ತಾಯಿಕುದುರೆಗಳ ವಂಶಾವಳಿಯನ್ನು ಬಾಯಿಪಾಠವಾಗಿ ಕಾಪಾಡಿಕೊಂಡು ಬಂದ ಬದೂಯಿ ಮನೆತನಗಳಿಗೆ ಆ ದಾಖಲೆಯಲ್ಲಿ ಸ್ಥಳವಿಲ್ಲ.

ಮೊದಲ ಡರ್ಬಿ ಗೆದ್ದ ಡಯೊಮೆಡ್‌ನ ಗತಿಯನ್ನೂ ಹೇಳಿಬಿಡಬೇಕು. ತಳಿಗುದುರೆಯಾಗಿ ಅದು ಇಂಗ್ಲೆಂಡಿನಲ್ಲಿ ಸೋತಿತು. 1798ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, 50 ಗಿನಿಗೆ ಅಮೆರಿಕಕ್ಕೆ ಮಾರಿದರು. ಮುದಿ ಕುದುರೆ ಅಲ್ಲಿ ಹತ್ತು ವರ್ಷ ಬದುಕಿ ಅಮೆರಿಕದ ಹೆಸರಾಂತ ತಳಿಗಳಿಗೆ ಮೂಲವಾಯಿತು.

ವಯಸ್ಸೇ ಓಟದ ನಿಯಮವಾದಾಗ ವಯಸ್ಸಿನಲ್ಲೇ ಮೋಸ ನಡೆಯುವುದು ಸಹಜ. 1844ರ ಡರ್ಬಿಯಲ್ಲಿ ಮೊದಲು ಬಂದದ್ದು ‘ರನ್ನಿಂಗ್ ರೀನ್’ ಎಂಬ ಕುದುರೆ. ನಿಜದಲ್ಲಿ ಅದು ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆ. ಗುಡ್‌ಮನ್ ಲೆವಿ ಎಂಬ ಜೂಜುಗಾರ ಅದನ್ನು ಬೇರೆ ಮರಿಯ ಹೆಸರಿನಲ್ಲಿ ಓಡಿಸಿದ್ದ. ಎಳೆಯ ಪ್ರಾಯದಲ್ಲಿ ಒಂದು ವರ್ಷದ ಅಂತರವೆಂದರೆ ಸಣ್ಣದಲ್ಲ, ಹೈಸ್ಕೂಲಿನ ಹುಡುಗನನ್ನು ಪ್ರಾಥಮಿಕ ಶಾಲೆಯ ಓಟಕ್ಕೆ ನಿಲ್ಲಿಸಿದ ಹಾಗೆ. ಎರಡನೆಯದಾಗಿ ಬಂದ ಒರ್ಲಾಂಡೊದ ಮಾಲಿಕ ಕರ್ನಲ್ ಪೀಲ್ ತಕರಾರು ತೆಗೆದ. ಲಾರ್ಡ್ ಜಾರ್ಜ್ ಬೆಂಟಿಂಕ್ ಪತ್ತೇದಾರನಂತೆ ಸಾಕ್ಷ್ಯ ಕಲೆ ಹಾಕಿದ. ಮೊಕದ್ದಮೆ ಕೋರ್ಟಿಗೆ ಹೋಯಿತು. ನ್ಯಾಯಾಧೀಶರು ಕೇಳಿದ್ದು ಸರಳವಾದ ಸಂಗತಿ: ಕುದುರೆಯನ್ನು ತನ್ನಿ, ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ. ಕುದುರೆ ಬರಲೇ ಇಲ್ಲ! ಅದನ್ನು ಮಾಯ ಮಾಡಲಾಗಿತ್ತು. ಗೆಲುವು ಒರ್ಲಾಂಡೊಗೆ ಹೋಯಿತು, ಲೆವಿ ದೇಶ ಬಿಟ್ಟ. ಇನ್ನೂ ವಿಚಿತ್ರವೆಂದರೆ ಅದೇ ಓಟದಲ್ಲಿ ಕಾಲು ಮುರಿದು ಗುಂಡಿಗೆ ಬಲಿಯಾದ ಲಿಯಾಂಡರ್ ಎಂಬ ಕುದುರೆಯ ದವಡೆ ಪರೀಕ್ಷಿಸಿದಾಗ ಅದಕ್ಕೂ ನಾಲ್ಕು ವರ್ಷ ದಾಟಿತ್ತು.

ಇಷ್ಟಾದರೂ ಡರ್ಬಿಯ ಮರ್ಯಾದೆ ಕುಂದಲಿಲ್ಲ. 1847ರಿಂದ ದಶಕಗಳ ಕಾಲ ಡರ್ಬಿಯ ದಿನ ಬ್ರಿಟಿಷ್ ಸಂಸತ್ತಿನ ಕೆಳಮನೆಯೇ ಕಲಾಪ ಮುಂದೂಡುತ್ತಿತ್ತು. ನಮ್ಮ ದೇಶವನ್ನಾಳುತ್ತಿದ್ದವರು ಕುದುರೆ ಓಟಕ್ಕೆ ರಜೆ ಹಾಕುತ್ತಿದ್ದರು ಎಂದಾಯಿತು. ಜೂಜಿನ ಕಾನೂನಿಗೂ ಎರಡು ಮುಖ. 1906ರ ಕಾಯ್ದೆ ಬೀದಿಯಲ್ಲಿ ಬಾಜಿ ಕಟ್ಟುವುದನ್ನು ಅಪರಾಧವಾಗಿಸಿತು. ಆದರೆ ಮೈದಾನದೊಳಗೆ ನಿಂತು ಅಥವಾ ಖಾತೆಯಿಟ್ಟು ಸಾಲದ ಮೇಲೆ ಬಾಜಿ ಕಟ್ಟುವ ಸಿರಿವಂತನಿಗೆ ತೊಂದರೆಯಿರಲಿಲ್ಲ. ಪಾಪ ಒಂದೇ, ಪೊಲೀಸರು ಹಿಡಿದದ್ದು ಕೂಲಿಯವನನ್ನು. ಬಾಜಿಯ ಅಂಗಡಿಗಳು ಕಾನೂನುಬದ್ಧವಾದದ್ದು 1961ರಲ್ಲಿ.

1913ರ ಜೂನ್ 4ರಂದು ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಟ್ಯಾಟನಮ್ ಕಾರ್ನರಿನ ಬೇಲಿ ನುಸುಳಿ ಓಟದ ದಾರಿಗಿಳಿದರು. ರಾಜ ಐದನೇ ಜಾರ್ಜನ ಕುದುರೆ ಆ್ಯನ್ಮರ್ ಅವರ ಮೇಲೆರಗಿತು. ನಾಲ್ಕು ದಿನಗಳ ಬಳಿಕ ಅವರು ತೀರಿಕೊಂಡರು. ಸಾಯಲೆಂದೇ ಬಂದರೋ, ಕುದುರೆಗೆ ಹೋರಾಟದ ಪಟ್ಟಿ ಕಟ್ಟಲು ಬಂದರೋ ಎಂಬ ವಾದ ಮುಗಿದಿಲ್ಲ. ಅವರ ಬಳಿ ಮರಳಿ ಹೋಗುವ ರೈಲು ಟಿಕೆಟಿತ್ತು. 1918ರಲ್ಲಿ ಮೂವತ್ತು ದಾಟಿದ ಕೆಲವು ಮಹಿಳೆಯರಿಗೆ, 1928ರಲ್ಲಿ ಪುರುಷರಿಗೆ ಸಮನಾಗಿ ಎಲ್ಲರಿಗೂ ಮತದ ಹಕ್ಕು ಸಿಕ್ಕಿತು. ಡರ್ಬಿಯಲ್ಲಿ ಒಬ್ಬ ಮಹಿಳೆ ಜಾಕಿಯಾಗಿ ಕುದುರೆಯೇರಿದ್ದು 1996ರಲ್ಲಿ, ಅಲೆಕ್ಸ್ ಗ್ರೀವ್ಸ್.

ಅಲೆಪ್ಪೊದಿಂದ ಹೋದ ರಕ್ತ ಪೂರ್ವದ ಒಡೆಯರ ಕೈಗೆ ಮರಳಿದ್ದು ಇಪ್ಪತ್ತನೇ ಶತಮಾನದಲ್ಲಿ. ಕರಾಚಿಯಲ್ಲಿ ಹುಟ್ಟಿದ, ಮುಸ್ಲಿಂ ಲೀಗಿನ ಮೊದಲ ಅಧ್ಯಕ್ಷ, ಇಸ್ಮಾಯಿಲಿಗಳ ಇಮಾಮ್ ಮೂರನೇ ಆಗಾ ಖಾನ್ 1930ರಿಂದ 1952ರೊಳಗೆ ಐದು ಡರ್ಬಿ ಗೆದ್ದರು. 1934ರಲ್ಲಿ ರಾಜಪಿಪ್ಲದ ಮಹಾರಾಜರ ವಿಂಡ್ಸರ್ ಲ್ಯಾಡ್ ಗೆದ್ದಿತು. ಜೂಜನ್ನು ಸ್ಪಷ್ಟವಾಗಿ ನಿಷೇಧಿಸಿದ ಧರ್ಮದ ನಾಯಕರೊಬ್ಬರು ಜೂಜೇ ಉಸಿರಾಗಿರುವ ಲೋಕದಲ್ಲಿ ಮೆರೆದದ್ದು ಹಲವರಿಗೆ ಇರಿಸುಮುರಿಸು ತಂದ ಸಂಗತಿ. ಕುದುರೆ ಸಾಕುವುದು, ಓಡಿಸುವುದು ಬೇರೆ, ಬಾಜಿ ಬೇರೆ ಎಂದು ವಾದಿಸಬಹುದು. ಎಪ್ಸಮ್ಮಿನಲ್ಲಿ ಆ ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಅವರ ಮೊಮ್ಮಗ ನಾಲ್ಕನೇ ಆಗಾ ಖಾನರ ಶೆರ್ಗರ್ 1981ರ ಡರ್ಬಿಯನ್ನು ಹತ್ತು ಕುದುರೆಯುದ್ದದ ಅಂತರದಿಂದ ಗೆದ್ದಿತು. ಡರ್ಬಿಯಲ್ಲಿ ಅಷ್ಟು ದೊಡ್ಡ ಗೆಲುವು ದಾಖಲಾಗಿಲ್ಲ. ಬಳಿಕ ಅದನ್ನು ತಲಾ ಎರಡೂವರೆ ಲಕ್ಷ ಪೌಂಡಿನ 40 ಪಾಲು ಮಾಡಿದರು, ಒಟ್ಟು ಒಂದು ಕೋಟಿ ಪೌಂಡು. 1983ರ ಫೆಬ್ರವರಿ 8ರ ರಾತ್ರಿ ಐರ್ಲೆಂಡಿನ ಲಾಯಕ್ಕೆ ಬಂದೂಕುಧಾರಿಗಳು ನುಗ್ಗಿ ಅದನ್ನು ಅಪಹರಿಸಿದರು. ಐಆರ್‌ಎ ಕೃತ್ಯವೆಂಬುದು ಬಹುತೇಕರ ನಂಬಿಕೆ. ಒತ್ತೆಹಣದ ಬೇಡಿಕೆ ಬಂತು. ಕೊಟ್ಟರೆ ನಾಳೆ ಎಲ್ಲ ಕುದುರೆಗಳಿಗೂ ಅದೇ ಗತಿಯೆಂದು ಪಾಲುದಾರರು ಕೊಡಲಿಲ್ಲ. ಜೊತೆಗೆ ಎಳೆದೊಯ್ದಿದ್ದ ಲಾಯದ ಮೇಲ್ವಿಚಾರಕನನ್ನು ಕೆಲವು ಗಂಟೆಗಳ ಬಳಿಕ ದಾರಿಯಲ್ಲಿ ಇಳಿಸಿ ಹೋದರು. ಶೆರ್ಗರ್‌ನ ಎಲುಬು ಕೂಡ ಈವರೆಗೆ ಸಿಕ್ಕಿಲ್ಲ.