ಕಾಗದದ ಮನೆ ಎಷ್ಟು ಕಾಲ ನಿಂತೀತು?

ಜವಳಿ ಅಂಗಡಿಯಲ್ಲಿ ಬಟ್ಟೆ ಸುತ್ತಿಡುವ ಕಾಗದದ ಕೊಳವೆಯನ್ನು ಎಲ್ಲರೂ ನೋಡಿದ್ದೇವೆ. ಎತ್ತಿದರೆ ಹಗುರ, ಬಗ್ಗಿಸಲು ಹೋದರೆ ಬಗ್ಗದು. ಬಟ್ಟೆ ಮುಗಿದ ಮೇಲೆ ಕಸಕ್ಕೆ ಹೋಗುವ ಇಂಥ ಕೊಳವೆಯಿಂದ ಮನೆ ಕಟ್ಟಬಹುದೆಂದು ತೋರಿಸಿಕೊಟ್ಟವರು ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್.

1957ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಬಾನ್, 1986ರಲ್ಲಿ ಒಂದು ಪ್ರದರ್ಶನದ ಅಲಂಕಾರಕ್ಕೆ ದುಬಾರಿ ಮರದ ಬದಲು ಈ ಕೊಳವೆಗಳನ್ನು ಬಳಸಿದರು. ಅವುಗಳ ಬಲ ಅವರಿಗೆ ಆಗಲೇ ಅರಿವಾಯಿತು. ವಾಸ್ತುಶಿಲ್ಪಿಗಳು ಹಣ, ಅಧಿಕಾರ ಉಳ್ಳವರಿಗಾಗಿಯೇ ದುಡಿಯುತ್ತಾರೆ, ಮನೆ ಕಳೆದುಕೊಂಡವರ ಬಳಿ ಸುಳಿಯುವುದಿಲ್ಲ ಎಂಬ ಕೊರಗು ಅವರದಾಗಿತ್ತು.

1994ರಲ್ಲಿ ರುವಾಂಡದ ನರಮೇಧದಿಂದಾಗಿ 20 ಲಕ್ಷಕ್ಕೂ ಹೆಚ್ಚು ಜನ ನೆರೆಯ ದೇಶಗಳಿಗೆ ಓಡಿಹೋದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರಿಗೆ ಪ್ಲಾಸ್ಟಿಕ್ ಹಾಳೆ ಹಂಚಿತು. ಅದನ್ನು ಹೊದಿಸಲು ಕಂಬ ಬೇಕಲ್ಲ? ಜನ ಮರ ಕಡಿದರು, ಕಾಡು ಬೋಳಾಯಿತು. ಅಲ್ಯೂಮಿನಿಯಂ ಕಂಬ ಕೊಟ್ಟರೆ ಅದನ್ನು ಮಾರಿ ಮತ್ತೆ ಮರಕ್ಕೇ ಕೊಡಲಿ ಹಾಕಿದರು. ಹಸಿದವರು ಇನ್ನೇನು ಮಾಡಿಯಾರು? ಮಾರಿದರೆ ಕಾಸು ಹುಟ್ಟದ ಕಾಗದದ ಕೊಳವೆಯನ್ನೇ ಕಂಬ ಮಾಡೋಣವೆಂದು ಬಾನ್ ಜಿನೀವಾದ ಕಚೇರಿಗೆ ಹೋಗಿ ಸಲಹೆ ಕೊಟ್ಟರು. ಮುಂದೆ ಇಂಥ 50 ಡೇರೆಗಳನ್ನು ರುವಾಂಡದಲ್ಲಿ ಪ್ರಯೋಗಕ್ಕಾಗಿ ಕಟ್ಟಲಾಯಿತು.

1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಗರ ನಡುಗಿತು. ಸತ್ತವರು 6,400ಕ್ಕೂ ಹೆಚ್ಚು. ವಿಯೆಟ್ನಾಂನಿಂದ ಬಂದು ನೆಲೆಸಿದ್ದ ಕೆಲವು ಕುಟುಂಬಗಳು ದುಡಿಯುವ ಜಾಗ ಬಿಟ್ಟು ದೂರ ಹೋಗಲಾರದೆ ಉದ್ಯಾನದಲ್ಲೇ ಟಾರ್ಪಾಲಿನ್ ಕಟ್ಟಿಕೊಂಡು ಉಳಿದವು. ಅಲ್ಲೊಂದು ಕೊಳೆಗೇರಿ ಬೆಳೆದೀತೆಂಬ ಭಯ ಅಕ್ಕಪಕ್ಕದವರದು. ಬಾನ್ ಅಲ್ಲಿಗೆ ವಿದ್ಯಾರ್ಥಿಗಳನ್ನು, ಸ್ವಯಂಸೇವಕರನ್ನು ಕರೆತಂದರು. ಮರಳು ತುಂಬಿದ ಬಿಯರ್ ಕ್ರೇಟುಗಳೇ ಅಡಿಪಾಯ, ಸಾಲಾಗಿ ನಿಲ್ಲಿಸಿದ ಕೊಳವೆಗಳೇ ಗೋಡೆ, ಮೇಲೆ ಡೇರೆಯ ಬಟ್ಟೆ. ಸುಮಾರು 16 ಚದರ ಮೀಟರಿನ ಈ ಮನೆ ಕಟ್ಟಲು ನುರಿತ ಗಾರೆಯವರೂ ಬೇಕಿರಲಿಲ್ಲ, ಕ್ರೇನೂ ಬೇಕಿರಲಿಲ್ಲ.

ಅದೇ ಬಡಾವಣೆಯ ಚರ್ಚು ಭೂಕಂಪದ ನಂತರದ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಬೆಂಕಿ ನುಂಗಿದ ಜಾಗದಲ್ಲಿ ಕಾಗದದ ಕಟ್ಟಡವೇ ಎಂದು ಪಾದ್ರಿಗಳು ಮೊದಲು ನಂಬಲಿಲ್ಲ. ಹಣವನ್ನೂ ಆಳುಗಳನ್ನೂ ಬಾನ್ ತಾವೇ ಹೊಂದಿಸಿದರು. 160 ಸ್ವಯಂಸೇವಕರು 58 ಕೊಳವೆಗಳನ್ನು ನಿಲ್ಲಿಸಿ ಐದೇ ವಾರಗಳಲ್ಲಿ ಚರ್ಚು ಕಟ್ಟಿದರು.

2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿದಾಗ ಇದೇ ವಿದ್ಯೆ ಭುಜ್‌ಗೂ ಬಂತು. ಆದರೆ ಪಾನನಿಷೇಧದ ನಾಡಿನಲ್ಲಿ ಬಿಯರ್ ಕ್ರೇಟು ಎಲ್ಲಿಂದ ತರುವುದು? ಬಿದ್ದ ಮನೆಗಳ ಕಲ್ಲುಮಣ್ಣೇ ಅಡಿಪಾಯವಾಯಿತು, ಮೇಲೆ ಊರಿನ ರೂಢಿಯಂತೆ ಮಣ್ಣಿನ ನೆಲ. ಮಾಡಿಗೆ ಬಿದಿರು, ಬೆತ್ತದ ಚಾಪೆ, ನಡುವೆ ಟಾರ್ಪಾಲಿನ್. ಒಳಗೆ ಒಲೆ ಹಚ್ಚಿದರೂ ಹೊಗೆ ಚಾಪೆಯ ಸಣ್ಣ ರಂಧ್ರಗಳಿಂದ ಹೊರಹೋಗುತ್ತಿತ್ತು. ಹೊರಗಿನಿಂದ ನೆರವಿಗೆ ಬರುವವರು ನಕ್ಷೆಯ ಜೊತೆ ಊರಿನ ಕಸುಬನ್ನೂ ಕಲಿಯಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

2014ರಲ್ಲಿ ಬಾನ್ ಅವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು. ಕಾಗದದ ಸೂರು ಶಾಶ್ವತ ಮನೆಗೆ ಬದಲಿಯಲ್ಲ. ಆಸರೆ ಕೊಟ್ಟು ಕೈತೊಳೆದುಕೊಳ್ಳುವ ಆಡಳಿತಕ್ಕೆ ಅದು ನೆಪವಾಗಲೂಬಾರದು. ಹಾಗೆಂದು ಅದನ್ನು ತಾತ್ಕಾಲಿಕವೆಂದು ತಳ್ಳಿಹಾಕುವಂತೆಯೂ ಇಲ್ಲ. ಕೋಬೆಯ ಚರ್ಚು ಹತ್ತು ವರ್ಷ ಅಲ್ಲಿಯೇ ನಿಂತಿತು. 2005ರಲ್ಲಿ ಅದನ್ನು ಬಿಚ್ಚಿ, 1999ರ ಭೂಕಂಪದಲ್ಲಿ ನೊಂದಿದ್ದ ತೈವಾನಿನ ತಾವೋಮಿ ಹಳ್ಳಿಗೆ ಕಳಿಸಲಾಯಿತು. 2008ರಲ್ಲಿ ಅದು ಅಲ್ಲಿ ಮತ್ತೆ ಎದ್ದು ನಿಂತಿತು. ಲಾಭಕ್ಕೆಂದು ಕಟ್ಟಿದ ಕಾಂಕ್ರೀಟು ಕಟ್ಟಡವನ್ನು ನಾಳೆ ಹೆಚ್ಚಿನ ಲಾಭಕ್ಕಾಗಿ ಒಡೆಯುತ್ತಾರೆ. ಜನ ತಮ್ಮದೆಂದು ಒಪ್ಪಿಕೊಂಡದ್ದು ಕಾಗದದ್ದಾದರೂ ಉಳಿಯುತ್ತದೆ.