ಪಿಕಪ್ ವಾಹನದ ಇಂಧನ ಮಾಪಕ: ದೋಷ ಪತ್ತೆ ಮತ್ತು ದುರಸ್ತಿ

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ ಮೊದಲಾದ ಕಡೆಗಳಿಂದ ತರಕಾರಿ ಮತ್ತು ಹೂವು ಹೊತ್ತ ಪಿಕಪ್ ವಾಹನಗಳು ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಹಾಗೂ ಕಲಾಸಿಪಾಳ್ಯವನ್ನು ತಲುಪಬೇಕಾಗುತ್ತದೆ. ಕಾಟನ್‌ಪೇಟೆಯಂತಹ ಇಕ್ಕಟ್ಟಾದ ರಸ್ತೆಯಲ್ಲಿ ಇಂಧನ ಮುಗಿದು ವಾಹನ ನಿಂತರೆ ಹೊತ್ತು ಮೀರಿ, ಮಾಲಿನ ತಾಜಾತನವೂ ಬೆಲೆಯೂ ಕುಸಿಯುತ್ತವೆ. ಡೀಸೆಲ್ ವಾಹನವಾದರೆ ಕೊಳವೆಗಳಲ್ಲಿ ಗಾಳಿ ಸೇರಿಕೊಳ್ಳುವುದರಿಂದ, ಇಂಧನ ತುಂಬಿದ ಮೇಲೂ ಎಂಜಿನ್ ಕೂಡಲೇ ಚಾಲನೆಯಾಗದಿರಬಹುದು. ಆದ್ದರಿಂದ ಮಾಪಕದ ಮುಳ್ಳು ಸರಿಯಾಗಿ ತೋರಿಸದಿದ್ದಲ್ಲಿ ನಿರ್ಲಕ್ಷಿಸಬಾರದು. ಅಂತೆಯೇ ಪರೀಕ್ಷಿಸದೆ ಹೊಸ ಮೀಟರ್ ಖರೀದಿಸಲೂಬಾರದು. ಸುಟ್ಟ ಫ್ಯೂಸ್, ಸಡಿಲ ಕನೆಕ್ಟರ್ ಅಥವಾ ತುಕ್ಕು ಹಿಡಿದ ಅರ್ತ್ ಸಂಪರ್ಕವೇ ಕಾರಣವಾಗಿರಬಹುದು.

ಮಾಪಕ ಕೆಲಸ ಮಾಡುವ ವಿಧಾನ

ಟ್ಯಾಂಕಿನೊಳಗಿನ ಫ್ಲೋಟ್ ಇಂಧನದ ಮಟ್ಟಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದರ ತೋಳಿನ ತುದಿಯಲ್ಲಿರುವ ಸಂಪರ್ಕ ಪಟ್ಟಿಯು ವಿದ್ಯುತ್ ರೋಧಕದ ಮೇಲೆ ಜಾರುತ್ತದೆ. ಇದರಿಂದ ರೋಧದ ಪ್ರಮಾಣ ಬದಲಾಗಿ ಡ್ಯಾಶ್‌ಬೋರ್ಡಿನ ಮುಳ್ಳು ಚಲಿಸುತ್ತದೆ. ಫ್ಲೋಟ್ ಮತ್ತು ರೋಧಕ ಸೇರಿದ ಈ ಭಾಗವನ್ನು ಟ್ಯಾಂಕ್ ಯೂನಿಟ್ ಎನ್ನುತ್ತಾರೆ. ರೋಧದ ಅಳತೆಯು ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುವುದರಿಂದ ವಾಹನದ ದುರಸ್ತಿ ಕೈಪಿಡಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

• ಇಂಧನದ ಜೊತೆಗೆ ಉಷ್ಣತೆಯ ಮಾಪಕವೂ ತಪ್ಪು ತೋರಿಸುವುದು: ಫ್ಯೂಸ್, ಮೀಟರ್ ಪೆಟ್ಟಿಗೆಯ ವಿದ್ಯುತ್ ಪೂರೈಕೆ ಅಥವಾ ಅರ್ತ್.
• ಮುಳ್ಳು ಸದಾ ಒಂದೇ ತುದಿಯಲ್ಲಿ ನಿಲ್ಲುವುದು: ತುಂಡಾದ ಅಥವಾ ಬಾಡಿಗೆ ತಗುಲಿದ ವೈರ್, ಕನೆಕ್ಟರ್, ಟ್ಯಾಂಕ್ ಯೂನಿಟ್.
• ಟ್ಯಾಂಕ್ ತುಂಬಿದ್ದರೂ ಖಾಲಿ ತೋರಿಸುವುದು: ಮೇಲಿನ ಕಾರಣಗಳ ಜೊತೆಗೆ ರಂಧ್ರವಾಗಿ ಮುಳುಗಿದ ಫ್ಲೋಟ್.
• ಸಮತಟ್ಟಾದ ರಸ್ತೆಯಲ್ಲೂ ಮುಳ್ಳು ಜಿಗಿಯುವುದು: ಸವೆದ ರೋಧಕ ಅಥವಾ ಸಡಿಲ ಸಂಪರ್ಕ. ಏರು ಮತ್ತು ಇಳಿಜಾರಿನಲ್ಲಿ ಮುಳ್ಳು ಸ್ವಲ್ಪ ಬದಲಾಗುವುದು ಸಹಜ.

ಪರೀಕ್ಷಾ ಕ್ರಮ

1. ಮೊದಲು ಮೀಟರಿನ ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರ್‌ನ ಫ್ಯೂಸನ್ನೇ ಹಾಕಿ. ಮತ್ತೆ ಸುಟ್ಟರೆ ವೈರಿಂಗ್‌ನಲ್ಲಿ ಶಾರ್ಟ್ ಇದೆ ಎಂದು ತಿಳಿಯಿರಿ.

2. ಟ್ಯಾಂಕ್ ಯೂನಿಟ್‌ನ ಅರ್ತ್ ವೈರ್ ಚಾಸಿಗೆ ಸೇರುವ ಜಾಗದಲ್ಲಿನ ಕೆಸರು ಮತ್ತು ತುಕ್ಕನ್ನು ಉಜ್ಜಿ ತೆಗೆದು ಬೋಲ್ಟ್ ಬಿಗಿಗೊಳಿಸಿ. ಇಗ್ನಿಷನ್ ಬಂದ್ ಮಾಡಿ ಮಲ್ಟಿಮೀಟರ್‌ನಿಂದ ಅಳೆದಾಗ ಅರ್ತ್ ವೈರ್ ಮತ್ತು ಚಾಸಿಯ ನಡುವಿನ ರೋಧವು 1 ಓಮ್‌ಗಿಂತ ಕಡಿಮೆ ಇರಬೇಕು.

3. ಟ್ಯಾಂಕ್ ಯೂನಿಟ್‌ನ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ನಂತರ ಮೀಟರಿಗೆ ಹೋಗುವ ವೈರನ್ನು ಒಂದೆರಡು ಕ್ಷಣ ಮಾತ್ರ ಅರ್ತ್‌ಗೆ ತಾಗಿಸಿ. ಮುಳ್ಳು ಎದುರು ತುದಿಯತ್ತ ಚಲಿಸಿದರೆ ಮೀಟರ್ ಮತ್ತು ವೈರ್ ಸರಿಯಾಗಿವೆ. ದೋಷವಿರುವುದು ಟ್ಯಾಂಕ್ ಯೂನಿಟ್‌ನಲ್ಲಿ ಅಥವಾ ಅದರ ಅರ್ತ್‌ನಲ್ಲಿ. ಮುಳ್ಳು ಚಲಿಸದಿದ್ದರೆ ವೈರ್ ಅಥವಾ ಮೀಟರ್ ಪರೀಕ್ಷಿಸಬೇಕು.

ಎಚ್ಚರಿಕೆ: ಯಾವ ವೈರ್ ಮಾಪಕದ್ದು ಎಂಬುದನ್ನು ಕೈಪಿಡಿಯಿಂದ ಖಚಿತಪಡಿಸಿಕೊಳ್ಳದೆ ಮೂರನೆಯ ಪರೀಕ್ಷೆ ಮಾಡಬಾರದು. ಡಿಜಿಟಲ್ ಮೀಟರ್ ಇರುವ ಹೊಸ ವಾಹನಗಳಲ್ಲಿ ಈ ಪರೀಕ್ಷೆಯನ್ನು ಕೈಬಿಟ್ಟು, ಸ್ಕ್ಯಾನರ್ ಇರುವ ಮೆಕ್ಯಾನಿಕ್‌ಗೆ ತೋರಿಸುವುದು ಸೂಕ್ತ.

ಟ್ಯಾಂಕ್ ಯೂನಿಟ್ ದುರಸ್ತಿ

ಟ್ಯಾಂಕಿನಲ್ಲಿ ಇಂಧನ ಕಡಿಮೆ ಇರುವಾಗ, ಗಾಳಿಯಾಡುವ ಬಯಲು ಜಾಗದಲ್ಲಿ ಈ ಕೆಲಸ ಕೈಗೊಳ್ಳಿ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಬೀಡಿ, ಬೆಂಕಿ, ವೆಲ್ಡಿಂಗ್ ಕಿಡಿ ಹತ್ತಿರ ಸುಳಿಯಬಾರದು. ಪೆಟ್ರೋಲ್ ವಾಹನಗಳಲ್ಲಿ ಯೂನಿಟ್ ಸಾಮಾನ್ಯವಾಗಿ ಪಂಪಿನೊಂದಿಗೆ ಸೇರಿಕೊಂಡಿರುವುದರಿಂದ ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸಿ.

ಮುಚ್ಚಳದ ಸುತ್ತಲಿನ ಮಣ್ಣನ್ನು ಒರೆಸಿದ ನಂತರವೇ ಯೂನಿಟ್ ಹೊರತೆಗೆಯಿರಿ. ಫ್ಲೋಟ್ ಅಲುಗಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿಸಿದರೆ ಅದನ್ನು ಬದಲಾಯಿಸಬೇಕು. ಮಲ್ಟಿಮೀಟರ್ ಜೋಡಿಸಿ ತೋಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ. ಓಮ್ ಅಳತೆಯು ಕ್ರಮವಾಗಿ ಬದಲಾಗಬೇಕು. ನಡುವೆ ಕಡಿದುಹೋದರೆ ಅಥವಾ ಹಠಾತ್ತನೆ ಜಿಗಿದರೆ ರೋಧಕ ಸವೆದಿದೆ ಎಂದರ್ಥ. ಕೊಳೆ ಮಾತ್ರ ಇದ್ದಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಶುಚಿಗೊಳಿಸಿ, ಅದು ಪೂರ್ಣ ಆರುವವರೆಗೆ ಕಾಯಿರಿ. ಉಪ್ಪುಕಾಗದದಿಂದ ಉಜ್ಜಬಾರದು; ತೆಳುವಾದ ರೋಧಕ ಪದರ ಹಾಳಾಗುತ್ತದೆ. ಮರುಜೋಡಿಸುವಾಗ ಹೊಸ ಗ್ಯಾಸ್ಕೆಟ್ ಬಳಸಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಬಿಡಿಭಾಗ ಬೇಕಾದಲ್ಲಿ, ಮಾರುಕಟ್ಟೆಯಲ್ಲಿ ಮಾಲು ಇಳಿಸಿದ ನಂತರ ಸಮೀಪದ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಮಲ್ಟಿಮೀಟರ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತದೆ. ವಾಹನದ ಮಾದರಿ, ತಯಾರಿಕೆಯ ವರ್ಷ ಮತ್ತು ಹಳೆಯ ಯೂನಿಟ್‌ನ ಭಾಗಸಂಖ್ಯೆಯ ಫೋಟೊ ಜೊತೆಯಲ್ಲಿರಲಿ. ನೋಡಲು ಒಂದೇ ರೀತಿಯಿದ್ದರೂ ಓಮ್ ಅಳತೆ ಹೊಂದದ ಯೂನಿಟ್ ಹಾಕಿದರೆ ಮುಳ್ಳು ತಪ್ಪನ್ನೇ ತೋರಿಸುತ್ತದೆ.

ದುರಸ್ತಿಯಾಗುವವರೆಗೆ

ಟ್ಯಾಂಕ್ ಪೂರ್ಣ ತುಂಬಿಸಿ ಓಡೋಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಉದಾಹರಣೆಗೆ, 40 ಲೀಟರ್ ಟ್ಯಾಂಕ್ ಇದ್ದು, ಹೊರೆ ಹೊತ್ತಾಗ ಲೀಟರಿಗೆ 12 ಕಿ.ಮೀ. ಓಡುವ ವಾಹನವು ಒಟ್ಟು 480 ಕಿ.ಮೀ. ಸಾಗಬಲ್ಲದು. ಕಾಲು ಭಾಗವನ್ನು ಮೀಸಲಿಟ್ಟು, 360 ಕಿ.ಮೀ. ಆಗುತ್ತಿದ್ದಂತೆ ಮತ್ತೆ ತುಂಬಿಸಬೇಕು. ನಗರದ ದಟ್ಟಣೆಯಲ್ಲಿ ಮೈಲೇಜ್ ಕುಸಿಯುವುದರಿಂದ ಖಾಲಿ ವಾಹನದ ಮೈಲೇಜನ್ನು ಲೆಕ್ಕಕ್ಕೆ ಹಿಡಿಯಬಾರದು.

ಒಂದು ವೇಳೆ ಡೀಸೆಲ್ ಮುಗಿದು ವಾಹನ ನಿಂತಲ್ಲಿ, ಇಂಧನ ತುಂಬಿ ಫಿಲ್ಟರ್ ಬಳಿಯ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ಹೊರಹಾಕಿ. ಕಾಮನ್ ರೈಲ್ ಎಂಜಿನ್‌ನ ಅಧಿಕ ಒತ್ತಡದ ಕೊಳವೆಗಳನ್ನು ಎಂದಿಗೂ ಸಡಿಲಿಸಬಾರದು. ಅಲ್ಲಿನ ಒತ್ತಡ 1,000 ಬಾರ್ ಮೀರಬಲ್ಲದು ಮತ್ತು ಚಿಮ್ಮುವ ಡೀಸೆಲ್ ಚರ್ಮವನ್ನೇ ಭೇದಿಸಬಲ್ಲದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ: ಯಂತ್ರೋಪಕರಣ ತರಬೇತಿಗಳಲ್ಲಿ ಹಳೆಯ ಟ್ಯಾಂಕ್ ಯೂನಿಟ್ ಮತ್ತು ಮಲ್ಟಿಮೀಟರ್ ಇಟ್ಟುಕೊಂಡು ಈ ಪರೀಕ್ಷೆಯ ಪ್ರಾತ್ಯಕ್ಷಿಕೆ ನೀಡಿದಲ್ಲಿ ರೈತರಿಗೆ ಸುಲಭವಾಗಿ ಮನದಟ್ಟಾಗುತ್ತದೆ. ಇದೇ ಮಾದರಿಯ ಮಾಪಕವಿರುವ ಟ್ರ್ಯಾಕ್ಟರ್‌ಗಳಿಗೂ ಈ ಕ್ರಮ ಅನ್ವಯಿಸುತ್ತದೆ.